ಅಕ್ಕೋರ ಹೊಟ್ಟೆನೋವಿನ ವಹಿ

25 ನವೆಂಬರ್ 1991

ಇವತ್ತು ಶಾಲೆಯಲ್ಲಿ ಪ್ರಾರ್ಥನೆ ನಡೆದಾಗ ಮತ್ತೆ ಬಂತು. ಮಕ್ಕಳು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದವು, ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಹೊಕ್ಕುಳಿನ ಮೇಲೆ ನಾಲ್ಕು ಬೆರಳು, ತುಸು ಬಲಕ್ಕೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಮೂರು ವಾರದಿಂದ ಹೀಗೇ. ಶಾಲೆಯ ಹೆಡ್‌ಮಾಸ್ತರಳಾದವಳು ಮಕ್ಕಳ ಮುಂದೆ ಹೊಟ್ಟೆ ಹಿಡಿದುಕೊಂಡು ಕೂರಲಿಕ್ಕಾಗುತ್ತದೆಯೇ? "ಸಾವಧಾನ್!" ಎಂದು ಕೂಗಿ ಮಕ್ಕಳಿಗಿಂತ ಮೊದಲು ನಾನೇ ಸೆಟೆದು ನಿಂತೆ.

ಈ ವಹಿ ಯಾರಿಗೂ ತೋರಿಸುವುದಕ್ಕಲ್ಲ. ಇಪ್ಪತ್ತೆಂಟು ವರ್ಷ ಊರ ಮಕ್ಕಳ ವಹಿಗಳನ್ನು ತಿದ್ದಿದ್ದೇನೆ, ಇದೊಂದನ್ನು ಯಾರೂ ತಿದ್ದುವಂತಿಲ್ಲ. ಇದರಲ್ಲಾದರೂ ನಿಜ ಬರೆಯುತ್ತೇನೆ. ನನಗೆ ಹೆದರಿಕೆಯಾಗಿದೆ. ಅವ್ವನಿಗೂ ಇದೇ ಜಾಗದಲ್ಲೇ ನೋಯುತ್ತಿತ್ತು. ಒಂದು ವರ್ಷ ನರಳಿದಳು, ಏನು ರೋಗ ಎಂದು ಯಾರೂ ಹೇಳಲಿಲ್ಲ, ಒಂದು ಆಷಾಢದಲ್ಲಿ ಹೋಗಿಬಿಟ್ಟಳು. ಆಗ ಅವಳಿಗೆ ಐವತ್ತೆರಡು. ನನಗೆ ಈಗ ಐವತ್ತೆರಡು ನಡೆಯುತ್ತಿದೆ.

ಮನೆಯಲ್ಲಿ ಇದನ್ನು ಹೇಳಿಲ್ಲ. ಹೇಳಿದ್ದು ಇಷ್ಟೇ: "ಮಂಗಲ, ನಿನ್ನ ರೊಟ್ಟಿ ಬೆಂದಿರೂದಿಲ್ಲ. ನನಗ ಹೊಟ್ಟಿ ನೋಯಾಕತ್ತೇತಿ." ಸೊಸೆ ತಲೆ ತಗ್ಗಿಸಿ, "ಆತ್ರಿ ಅತ್ತಿ, ನಾಳಿಂದ ಚಲೋ ಬೇಯಸ್ತೀನ್ರಿ" ಎಂದಳು. ಮಗ ನೌಕರಿಗೆಂದು ಪರಊರಲ್ಲಿ, ಇವಳು ನಮ್ಮ ಜೊತೆ. ಬಂದು ಎರಡು ವರ್ಷವಾಯಿತು, ಎದುರು ಮಾತಿಲ್ಲ, ರೊಟ್ಟಿಯೂ ಸುಧಾರಿಸಿಲ್ಲ. ಹತ್ತಕ್ಕೆ ನಾಲ್ಕು ಕೊಡಬಹುದು.

28 ನವೆಂಬರ್

ನಿಪ್ಪಾಣಿಗೆ ಹೋಗಿ ಬಂದೆ. ಅಲ್ಲಿ ಡಾಕ್ಟರಕಿ ಮಾಡುವವನು ನಮ್ಮ ಉತ್ತಮ, ಭೀಮಗೊಂಡನ ಮಗ, ನನ್ನ ಕೈಯಲ್ಲೇ ನಾಲ್ಕನೆಯ ಇಯತ್ತೆ ಪಾಸಾದವನು. ಉಗುರಲ್ಲಿ ಮಣ್ಣು ಇಟ್ಟುಕೊಂಡು ಬಂದಾಗಲೆಲ್ಲ ಅವನ ಬೆರಳ ಮೇಲೆ ಪಟ್ಟಿಯಿಂದ ಹೊಡೆದಿದ್ದೇನೆ. ನನ್ನನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಹೊರಗೆ ಕುಳಿತ ಹದಿನಾರು ಮಂದಿ ಪೇಶಂಟರು ನೋಡುತ್ತಿದ್ದರು. ಸುಳ್ಳೇಕೆ, ಒಳಗೊಳಗೇ ಖುಷಿಯಾಯಿತು.

"ಕುಂಡ್ರಲೇ, ನೀ ಡಾಕ್ಟರ್ ಅದೀ" ಎಂದೆ. ಕುಳಿತ.

ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದ. ಕೈ ತೊಳೆದುಕೊಂಡೇ ಮುಟ್ಟಿದ, ಉಗುರು ಸ್ವಚ್ಛವಿದ್ದವು, ನೋಡಿಕೊಂಡೆ. ಆಮೇಲೆ ಪ್ರಶ್ನೆ ಶುರುವಾದವು. ನೋವು ಉಣ್ಣುವ ಮೊದಲೋ ಉಂಡ ಮೇಲೋ, ಬೆನ್ನಿಗೆ ಹಾಯುತ್ತದೆಯೋ, ವಾಂತಿ ಆಗಿದೆಯೋ, ತೂಕ ಇಳಿದಿದೆಯೋ. ಅಷ್ಟರವರೆಗೆ ಸರಿ. ನಂತರ ಕಿವಿಯೆಲ್ಲ ಕೆಂಪಾಗಿ ಗೋಡೆಯ ಕಡೆ ನೋಡುತ್ತ, "ಅಕ್ಕೋರ, ಸಂಡಾಸದ ಬಣ್ಣ ಕರ್ರಗ ಡಾಂಬರಿನಂಗ ಏನರ…" ಎಂದ. ನನ್ನ ಕೈಯಲ್ಲಿ ಅ ಆ ಕಲಿತ ಹುಡುಗ! ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ತಪ್ಪ ತಿಳೀಬ್ಯಾಡ್ರಿ, ಎಲ್ಲಾರಿಗೂ ಕೇಳೂದನ್ನ ಕೇಳಾಕತ್ತೀನಿ. ಎಲಿ ಅಡಿಕಿ, ತಂಬಾಕು…"

"ಉತ್ತಮಾ!" ಎಂದೆ, ಅಷ್ಟೇ. ಅವನು ಚೀಟಿಯ ಮೇಲೆ ಗಡಬಡಿಸಿ 'ಇಲ್ಲ' ಎಂದು ಬರೆದುಕೊಂಡ.

ಹೊಟ್ಟೆಯ ಚಿತ್ರವನ್ನೂ ತೆಗೆದು ತೋರಿಸಿದ. "ಹೊಟ್ಟಿನೋವು ಅಂದ್ರ ಒಂದ ರೋಗಲ್ರಿ. ಇಲ್ಲಿ ಪಿತ್ತದ ಚೀಲ ಐತಿ, ಇದರಾಗ ಹರಳ ಆದ್ರ ನೋಯ್ತೈತಿ. ಇಲ್ಲಿ ಹುಣ್ಣು ಆಗ್ತೈತಿ. ಮೂತ್ರಪಿಂಡದ ಹರಳ ಆದ್ರ ಹಿಂದಿನಿಂದ ಬರ್ತೈತಿ. ಎಲ್ಲಿ, ಯಾವಾಗ, ಏನ ತಿಂದ ಮ್ಯಾಲ, ಇಷ್ಟು ಗೊತ್ತಾದ್ರ ಅರ್ಧಾ ರೋಗ ಸಿಕ್ಕಂಗ. ದಿನಾ ಬರದ ಇಡ್ರಿ." ಚಿತ್ರದಲ್ಲಿ ಪಿತ್ತಕೋಶವನ್ನು ಎಡಗಡೆ ತೆಗೆದಿದ್ದ. "ಲೇ, ಬಲಗಡೆ ಇರ್ತೈತದು" ಎಂದೆ. "ಹೌದ್ರೀ ಅಕ್ಕೋರ, ನಿಮ್ಮ ಮುಂದ ಎಡಾ ಬಲಾ ತಿಳೀವಲ್ದು" ಎಂದು ಅಳಿಸಿ ತಿದ್ದಿದ. ಗುಲಾಬಿ ಬಣ್ಣದ ಔಷಧ ಕೊಟ್ಟ. ನೋವಿಗೆಂದು ಮನೆಯಲ್ಲಿರುವ ಗುಳಿಗೆ ನುಂಗಬೇಡಿ ಎಂದ.

ಅವ್ವನ ಸಂಗತಿ ಬಾಯಿ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ.

1 ಡಿಸೆಂಬರ್

ಉತ್ತಮನಿಗಾಗಿ ಬೇರೆ ಹಾಳೆಯ ಮೇಲೆ ಕೋಷ್ಟಕ ಗೀಚಿದ್ದೇನೆ. ತಾರೀಖು, ತಿಂದದ್ದು, ಕುಡಿದದ್ದು, ನೋವಿನ ಹೊತ್ತು, ನೋವಿಗೆ ಹತ್ತರಲ್ಲಿ ಅಂಕ. ಕೆಂಪು ಶಾಯಿಯಲ್ಲಿ ಗೆರೆ. ಇಷ್ಟು ಅಚ್ಚುಕಟ್ಟಾದ ಹೊಟ್ಟೆನೋವು ಅವನು ಕಂಡಿರಲಿಕ್ಕಿಲ್ಲ.

ರವಿವಾರ, ಮಿಸರಿ ಹುರಿಯುವ ದಿನ. ನಮ್ಮ ಹೊಲದ ತಂಬಾಕಿನ ಎಲೆಯನ್ನೇ ಹಂಚಿನ ಮೇಲೆ ಕರ್ರಗೆ ಹುರಿದು, ಕೈಯಿಂದ ತಿಕ್ಕಿ ಪುಡಿ ಮಾಡಿ, ಜರಡಿ ಹಿಡಿದು ಡಬ್ಬಿಗೆ ತುಂಬಿದೆ. ಹಲ್ಲಿಗೆ ಇದರಷ್ಟು ಚಲೋ ಪುಡಿ ಇನ್ನೊಂದಿಲ್ಲ. ಅಂಗಡಿಯ ಪುಡಿಗಳೆಲ್ಲ ಬರೀ ಸುಣ್ಣ. ಮಂಗಲ ಘಾಟಿಗೆ ಕೆಮ್ಮುತ್ತ ಹಿತ್ತಲಿಗೆ ಓಡಿದಳು. ಸೂಕ್ಷ್ಮ ಜಾತಿ.

ಇವತ್ತಿನ ನೋವು ಹತ್ತಕ್ಕೆ ಐದು, ಮುಂಜಾನೆ ಹತ್ತು ಗಂಟೆಗೆ.

9 ಡಿಸೆಂಬರ್

ಯಜಮಾನರು ಮುರಗೆಪ್ಪನವರ ಹಟ. "ಡಾಕ್ಟರಂದು ಆತು, ಒಮ್ಮಿ ರುಕ್ಮವ್ವಗ ತೋರಸೋಣ. ಬಟ್ಟಿ ಸರದಿರ್ತೈತಿ." ನಾನು ಏಳನೆಯ ಇಯತ್ತೆಗೆ ವಿಜ್ಞಾನ ಕಲಿಸುವವಳು! ಹೊಕ್ಕುಳಿನೊಳಗಿನ ಬಟ್ಟಿ ಗೋಲಿಗುಂಡೇ, ಅತ್ತಿತ್ತ ಉರುಳಲಿಕ್ಕೆ? ಆದರೂ ಹೂಂ ಎಂದೆ. ಹೆದರಿದವಳ ವಿಜ್ಞಾನ ಅಷ್ಟೇ.

ಬಟ್ಟಿ ಕೂರಿಸುವ ರುಕ್ಮವ್ವ ಮುದುಕಿ ಬಂದಳು. ದಾರದಿಂದ ಹೊಕ್ಕುಳಿಗೂ ಕಾಲಿನ ಹೆಬ್ಬೆರಳಿಗೂ ಅಳತೆ ಹಿಡಿದಳು. "ನೋಡ್ರಿ, ಎರಡ ಬೆರಳ ಸರದೈತಿ!" ಹೊಟ್ಟೆಗೆ ಔಡಲೆಣ್ಣೆ ಸುರಿದು ತಿಕ್ಕಿದಳು. ಹೊಟ್ಟೆಯ ಮೇಲೆ ಸಣ್ಣ ದೀಪ ಇಟ್ಟು ಅದರ ಮೇಲೆ ಹಿತ್ತಾಳೆ ಚೊಂಬು ಡಬ್ಬು ಹಾಕಿದಳು. ದೀಪ ಆರಿತು, ಚೊಂಬು ಹಿಡಿದುಕೊಂಡಿತು. ಬಿಡಲೊಲ್ಲದು! ರುಕ್ಮವ್ವ ಎಳೆದಳು, ಇವರು ಎಳೆದರು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಪಾಲಕರು, "ಅಕ್ಕೋರ, ದಾಖಲೆ ಬೇಕಾಗಿತ್ರಿ" ಎಂದು ಕೂಗಿದರು. ಮಂಗಲ ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತು, "ಅತ್ತಿ ಪೇಪರ್ ತಿದ್ದಾಕತ್ತಾರ್ರಿ, ನಾಳಿ ಶಾಲಿಗೆ ಬರ್ರಿ" ಎಂದು ಸಾಗಹಾಕಿದಳು. ಹುಡುಗಿಗೆ ಬುದ್ಧಿ ಇಲ್ಲವೆಂದಲ್ಲ. ಕೊನೆಗೆ ಚೊಂಬಿನ ಅಂಚಿಗೆ ಬೆರಳು ತೂರಿಸಿ ಬಿಡಿಸಿದವಳೂ ಅವಳೇ. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

ರುಕ್ಮವ್ವ ಒತ್ತಾಯ ಮಾಡಿ ಬಾಳೆಹಣ್ಣು, ತುಪ್ಪ ಹಾಕಿದ ಅನ್ನ ಉಣ್ಣಿಸಿದಳು. ಸಂಜೆವರೆಗೆ ನೋವು ಇರಲಿಲ್ಲ. ನಾಳೆ ಮತ್ತೆ ಇರುತ್ತದೆ, ನನಗೆ ಗೊತ್ತು.

10 ಡಿಸೆಂಬರ್

ಇತ್ತು. ಹತ್ತಕ್ಕೆ ಆರು.

16 ಡಿಸೆಂಬರ್

ಒಂದು ವಾರ ಖಾರ ಬಿಟ್ಟೆ. ಒಂದು ವಾರ ನಾನೇ ರೊಟ್ಟಿ ಬಡಿದುಕೊಂಡು ಉಂಡೆ. ನೋವು ಹಾಗೇ ಇದೆ. ಕೋಷ್ಟಕ ನೋಡಿದರೆ ಮಂಗಲನ ರೊಟ್ಟಿ ತಿಂದ ದಿನಕ್ಕೂ ನನ್ನ ರೊಟ್ಟಿ ತಿಂದ ದಿನಕ್ಕೂ ಭೇದವಿಲ್ಲ. ತಿಂದ ಮೇಲೆ ತುಸು ಕಡಿಮೆಯಾಗುತ್ತದೆ, ಖಾಲಿ ಹೊಟ್ಟೆಯಲ್ಲಿ ಬರುತ್ತದೆ. ಹಾಗಾದರೆ ರೊಟ್ಟಿಯ ತಪ್ಪಲ್ಲ. ಇದನ್ನು ಅವಳಿಗೆ ಹೇಳಬೇಕೇ? ಹೇಳಿದೆ. "ಮಂಗಲ, ರೊಟ್ಟಿದು ಏನೂ ತಪ್ಪಿಲ್ಲ." ಅವಳು ಕಣ್ಣು ಒರೆಸಿಕೊಂಡಳು. ಅಷ್ಟು ದಿನ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು ಕಾಣುತ್ತದೆ. ನನಗೆ ಏನೋ ಆಯಿತು, ಕೂಡಲೇ ಸಾರಿಗೆ ಉಪ್ಪು ಕಡಿಮೆ ಎಂದು ಬೈದೆ.

ರೊಟ್ಟಿಗೆ ಹತ್ತಕ್ಕೆ ಆರು.

22 ಡಿಸೆಂಬರ್

ಮಂಗಲನನ್ನು ಕೂರಿಸಿಕೊಂಡು ವರ್ಷದ ಮಸಾಲೆ ಖಾರದ ಅಳತೆ ಹೇಳಿಕೊಟ್ಟೆ. ಐದು ಸೇರು ಮೆಣಸಿನಕಾಯಿಗೆ ಎಷ್ಟು ಕೊತ್ತಂಬರಿ, ಎಷ್ಟು ಒಣಕೊಬ್ಬರಿ, ಎಳ್ಳು ಎಷ್ಟು ಹುರಿಯಬೇಕು. ಅವ್ವ ನನಗೆ ಹೇಳಿಕೊಟ್ಟದ್ದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ಕೊಟ್ಟೆ. "ಯಾಕ್ರಿ ಅತ್ತಿ, ಹಬ್ಬ ಇಲ್ಲ ಏನಿಲ್ಲ" ಎಂದಳು. "ಟ್ರಂಕಿನ್ಯಾಗ ಜಾಗಾ ಇಲ್ಲ" ಎಂದೆ. ನನ್ನ ಮುಖ ನೋಡುತ್ತ ನಿಂತಳು. ಅಷ್ಟು ನೋಡುವುದೇನಿತ್ತೋ.

31 ಡಿಸೆಂಬರ್

ನಾಲ್ಕು ದಿನ ಮಂಗಲನ ತವರೂರು ಸತ್ತಿಗೆ ಹೋಗಿದ್ದೆವು. ಅವಳ ತಂಗಿ ಬಸುರಿ, ಅವಳಿಗೆ ಕುಬಸ. ನಿಪ್ಪಾಣಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ಅಥಣಿ, ಅಲ್ಲಿಂದ ಸತ್ತಿ. ಬಸ್ಸಿನ ಕುಲುಕಾಟಕ್ಕೆ ನೋವೂ ದಾರಿಯಲ್ಲಿ ಇಳಿದುಹೋಗಲಿ ಎಂದುಕೊಂಡೆ.

ಅಲ್ಲಿ ಇಳಿದ ಮೇಲೆ ನೋಡಿದರೆ ಚೀಲದಲ್ಲಿ ಮಿಸರಿ ಡಬ್ಬಿ ಇಲ್ಲ! ಗಡಿಬಿಡಿಯಲ್ಲಿ ಮನೆಯ ಕಿಟಕಿಯಲ್ಲೇ ಉಳಿದುಹೋಗಿತ್ತು. ಬೀಗರ ಮನೆಯಲ್ಲಿ ಯಾರೂ ಹಚ್ಚುವವರಿಲ್ಲ, ಬೇವಿನಕಡ್ಡಿ ಕೊಟ್ಟರು. ಹೆಡ್‌ಮಾಸ್ತರಳು ಬೀಗರ ಬಾಗಿಲಲ್ಲಿ ನಿಂತು ಮಿಸರಿ ಕೇಳುವುದೇ? ಬಾಯಿ ಮುಚ್ಚಿಕೊಂಡು ಕಡ್ಡಿ ಜಗಿದೆ. ಮೊದಲೆರಡು ದಿನ ತಲೆಯೆಲ್ಲ ಭಾರ, ಸಿಕ್ಕವರ ಮೇಲೆ ಸಿಟ್ಟು, ಆಕಳಿಕೆ ಮೇಲೆ ಆಕಳಿಕೆ. ಎಲ್ಲ ಬಸ್ಸಿನ ಪ್ರಭಾವ. ಬೀಗಿತಿ ಗೌರವಕ್ಕೆ ಕೊಟ್ಟ ಹೋಳಿಗೆಯಲ್ಲಿ ಬೆಲ್ಲ ಹೆಚ್ಚೆಂದು ಮುಖಕ್ಕೇ ಹೇಳಿಬಿಟ್ಟೆ. ಮಂಗಲ ನಡುವೆ ಬಾಯಿ ಹಾಕಿ, "ನಮ್ಮ ಅತ್ತಿಯವರಿಗೆ ಭಾಳ ಸಿಹಿ ಆಗೂದಿಲ್ರಿ ಅವ್ವಾ" ಎಂದು ಸಂಭಾಳಿಸಿದಳು.

ಆದರೆ ಕೇಳು ವಹಿಯೇ, ಮೂರನೆಯ ದಿನ ನೋವು ಸೊನ್ನೆ! ನಾಲ್ಕನೆಯ ದಿನ ಸೊನ್ನೆ! ಕೃಷ್ಣೆಯ ದಂಡೆಗೆ ಹೋಗಿ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತು, ಚಿಕ್ಕ ಹುಡುಗಿಯ ಹಾಗೆ ನೀರು ಬಡಿದೆ. ಕಾರಣ ಸಿಕ್ಕಿತು. ನಮ್ಮೂರ ಬಾವಿಯ ನೀರು ಕೆಟ್ಟದ್ದು, ಕೃಷ್ಣೆಯ ನೀರು ಚಲೋ. ಹತ್ತು ಲೀಟರಿನ ಡಬ್ಬದಲ್ಲಿ ನೀರು ತುಂಬಿಕೊಂಡು ಬಂದಿದ್ದೇನೆ. ಕಂಡಕ್ಟರ್, "ಬಾಯಾರ, ಸೀಮಿಎಣ್ಣಿ ಇದ್ರ ಬಸ್ಸಿನ್ಯಾಗ ನಡೆಯೂದಿಲ್ಲ" ಎಂದ. "ತೀರ್ಥ" ಎಂದೆ. ಕೈಮುಗಿದು ಟಿಕೆಟ್ ಹರಿದ.

ಮನೆಗೆ ಬಂದ ಕೂಡಲೇ ಮೊದಲು ಮಾಡಿದ್ದು ಕಿಟಕಿಯ ಡಬ್ಬಿ ತೆಗೆದು ಮಿಸರಿ ಹಚ್ಚಿದ್ದು. ಆಹಾ, ಜೀವ ಬಂತು.

3 ಜನವರಿ 1992

ಕೃಷ್ಣೆಯ ನೀರನ್ನೇ ಕುಡಿಯುತ್ತಿದ್ದೇನೆ. ನೋವು ಬಂದಿದೆ. ಹತ್ತಕ್ಕೆ ಏಳು. ಬೆಳಿಗ್ಗೆ ಬೆನ್ನಿನವರೆಗೂ ಹಾಯಿತು. ಅವ್ವ ಕೊನೆಕೊನೆಗೆ ಬೆನ್ನು ತೋರಿಸುತ್ತಿದ್ದಳು.

ನನಗೆ ಸಾಯಲಿಕ್ಕೆ ಇಷ್ಟವಿಲ್ಲ. ಬರೆದುಬಿಟ್ಟೆ.

5 ಜನವರಿ

ಇವತ್ತು ರವಿವಾರ. ಮಿಸರಿ ಹುರಿಯಲಿಕ್ಕೆ ಹಂಚು ಇಟ್ಟಿದ್ದೆ. ಮಂಗಲ ಬಂದು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು.

"ಅತ್ತಿ, ಸಿಟ್ಟಿಗೇಳಬ್ಯಾಡ್ರಿ. ಒಂದ ಮಾತ ಕೇಳ್ಲ್ಯಾ?"

"ಕೇಳ."

"ನಿಮ್ಮ ಹಾಳ್ಯಾಗ ತಿಂದದ್ದು ಐತಿ, ಕುಡದದ್ದು ಐತಿ. ಇದು ಎಲ್ಲೈತ್ರಿ?" ಹಂಚಿನ ಕಡೆ ಬೆರಳು ಮಾಡಿದಳು.

"ಇದನ್ಯಾರ ತಿಂತಾರ? ಹಲ್ಲ ತಿಕ್ಕೂದು."

"ದಿನಕ್ಕ ಐದ ಸರತಿ ಹಲ್ಲ ಯಾರ ತಿಕ್ಕತಾರ್ರಿ? ಮುಂಜಾನೆ ಎದ್ದ ಕೂಡಲೆ ಖಾಲಿ ಹೊಟ್ಟಿಲೆ ಹಚ್ಚತೀರಿ, ಅರ್ಧಾ ತಾಸ ಬಾಯಾಗ ಇಟಗೋತೀರಿ. ಶಾಲಿಗೆ ಹೋಗೂ ಮುಂದ ಒಮ್ಮಿ, ಬಂದ ಮ್ಯಾಲ ಒಮ್ಮಿ. ಉಗುಳ್ತೀರಿ ಖರೆ, ರಸಾ ಎಲ್ಲಾ ಉಗುಳಾಕಾಗತೈತೇನ್ರಿ? ಸತ್ತ್ಯಾಗ ನೋವು ಹೋತು. ನೀರಿಂದ ಅಂದ್ರಿ. ನೀರ ತಂದೀವಲ್ರಿ. ಅಲ್ಲಿ ಇರಲಾರದ್ದು ಇಲ್ಲಿ ಇದ್ದದ್ದು ಇದೊಂದ ಅಲ್ಲೇನ್ರಿ?"

ನನ್ನ ಬಾಯಿಂದ ಏನೇನು ಬಂತೋ ಬರೆಯಲಿಕ್ಕೆ ನಾಚಿಕೆ. ನಿನ್ನೆ ಮೊನ್ನೆ ಬಂದವಳು, ಹತ್ತನೆಯ ಇಯತ್ತೆ ಪಾಸಾದವಳು, ನನಗೆ ವಿಜ್ಞಾನ ಕಲಿಸಲಿಕ್ಕೆ ಬರುತ್ತೀಯಾ ಎಂದೆ. ನಮ್ಮ ಅವ್ವ, ಅವಳ ಅವ್ವ, ಊರ ಹೆಣ್ಣುಮಕ್ಕಳೆಲ್ಲ ಹಚ್ಚುತ್ತಾರೆ ಎಂದೆ. ಅವಳು ಎದ್ದು ಹೋಗಲಿಲ್ಲ. ಅಲ್ಲೇ ಕುಳಿತು ಹಂಚಿನ ಕೆಳಗಿನ ಕಟ್ಟಿಗೆ ಹೊರಗೆಳೆದಳು.

ಇವರು ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದಾರೆ. "ಮೂವತ್ತ ವರ್ಷ ತಂಬಾಕು ಬೆಳದೇನಿ. ಮನ್ಯಾಗ ಇಷ್ಟ ದೊಡ್ಡ ಗಿರಾಕಿ ಅದಾಳಂತ ಇವತ್ತ ಗೊತ್ತಾತು" ಎಂದರು. ಅವರ ಜೊತೆಗೂ ಮಾತಿಲ್ಲ.

6 ಜನವರಿ

ಇಡೀ ದಿನ ತಲೆಯಲ್ಲಿ ಅದೇ. ಉತ್ತಮ ತಂಬಾಕು ಎಂದು ಕೇಳಿದ್ದ. ನಾನು ಗದರಿಸಿದೆ, ಅವನು 'ಇಲ್ಲ' ಎಂದು ಬರೆದುಕೊಂಡ. ನಾನು ಸುಳ್ಳು ಹೇಳಲಿಲ್ಲ. ತಂಬಾಕು ತಿನ್ನುವುದೆಂದರೆ ಸುಣ್ಣ ಹಚ್ಚಿ ತಿಕ್ಕಿ ದವಡೆಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುವ ಗಂಡಸರ ಕೆಲಸ. ಮಿಸರಿ ಎಂದರೆ ಹೆಣ್ಣುಮಕ್ಕಳ ಸ್ವಚ್ಛತೆ. ಎರಡೂ ನಮ್ಮ ಹೊಲದ ಒಂದೇ ಗಿಡದಿಂದ ಬರುತ್ತವೆ ಎಂದು ಐವತ್ತೆರಡು ವರ್ಷ ಗೊತ್ತಿದ್ದೂ ಗೊತ್ತಿರಲಿಲ್ಲ.

ಆದರೂ ಸತ್ತಿಯಲ್ಲಿ ಬದಲಾದದ್ದು ಮಿಸರಿ ಒಂದೇ ಅಲ್ಲ. ಹೊತ್ತಿಗೆ ಸರಿಯಾಗಿ ಊಟ ಇತ್ತು, ಶಾಲೆಯ ಕಿರಿಕಿರಿ ಇರಲಿಲ್ಲ. ಪ್ರಯೋಗ ಮಾಡುವುದಾದರೆ ಒಂದೇ ಒಂದನ್ನು ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. ಇದನ್ನು ನಾನೇ ಏಳನೆಯ ಇಯತ್ತೆಗೆ ಕಲಿಸುತ್ತೇನೆ. ನಾಳೆಯಿಂದ ಹತ್ತು ದಿನ ಎಲ್ಲ ಹಾಗೇ, ಮಿಸರಿ ಮಾತ್ರ ಇಲ್ಲ. ಡಬ್ಬಿಯನ್ನು ಮಂಗಲನ ಕೈಗೆ ಕೊಟ್ಟು, "ನಾ ಬೇಡಿದ್ರೂ ಕೊಡಬ್ಯಾಡ. ಅತ್ತು ಕರದ್ರೂ ಕೊಡಬ್ಯಾಡ" ಎಂದೆ.

8 ಜನವರಿ

ಕೇಳಿದೆ. ಕೊಡಲಿಲ್ಲ.

9 ಜನವರಿ

ಕೇಳಿದೆ, ಬೈದೆ, ಒಮ್ಮೆ ಅತ್ತೂಬಿಟ್ಟೆ. ಕೊಡಲಿಲ್ಲ. ಬಾಯಿಗೆ ಒಂದು ಹಿಡಿ ಬಡೇಸೋಪು ಹಾಕಿದಳು. ಎಂಥ ಗಟ್ಟಿ ಹುಡುಗಿ ಇವಳು! ಇವರು ಕಬ್ಬಿನ ಹೊಲಕ್ಕೆ ಮುಂಜಾನೆ ಹೋದವರು ಊಟಕ್ಕೂ ಬರಲಿಲ್ಲ, ಬುತ್ತಿ ಅಲ್ಲಿಗೇ ತರಿಸಿಕೊಂಡರು. ಶಾಲೆಯ ಕಂಪೌಂಡ್ ಗೋಡೆ ಏರಿದ್ದ ಆಡನ್ನೂ ಬೈದೆನಂತೆ.

ನೋವು ಹತ್ತಕ್ಕೆ ಮೂರು.

15 ಜನವರಿ

ಸಂಕ್ರಾಂತಿ. ಎಳ್ಳು ಬೆಲ್ಲ ಹಂಚಿದೆವು. ಐದು ದಿನದಿಂದ ಕೋಷ್ಟಕದ ನೋವಿನ ಮನೆಯಲ್ಲಿ ಒಂದು, ಒಂದು, ಸೊನ್ನೆ, ಒಂದು, ಸೊನ್ನೆ. ಬೆಳಿಗ್ಗೆ ಸಜ್ಜೆಯ ರೊಟ್ಟಿ, ಬದನೆಕಾಯಿ ಎಣಗಾಯಿ, ಅವರೆಕಾಳಿನ ಪಲ್ಯ. ಮೂರು ರೊಟ್ಟಿ ಉಂಡೆ. ಮೂರನೆಯದನ್ನು ಮಂಗಲ ನನ್ನ ತಾಟಿಗೆ ಹಾಕಿ ಕುಳಿತು ನೋಡುತ್ತಿದ್ದಳು. ನಾನೂ ಅವಳ ತಾಟಿಗೆ ತುಪ್ಪ ಹಾಕಿದೆ. "ನೀನೂ ಉಣ್ಣವಾ" ಎಂದೆ. ಇಬ್ಬರೂ ಅಕ್ಕಪಕ್ಕ ಕುಳಿತು ಉಂಡದ್ದು ಇದೇ ಮೊದಲಿರಬೇಕು, ನೆನಪಿಲ್ಲ.

18 ಜನವರಿ

ಉತ್ತಮನ ದವಾಖಾನೆ. ಕೋಷ್ಟಕ ಮುಂದಿಟ್ಟೆ. ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಇಷ್ಟು ವರ್ಷ ಮಕ್ಕಳಿಂದ ಅದನ್ನೇ ಮಾಡಿಸಿದವಳಿಗೆ ಇವತ್ತು ಗೊತ್ತಾಯಿತು. "ಡಾಕ್ಟರ್, ನೀವು ಕೇಳಿದ್ದಕ್ಕ ನಾ ತಪ್ಪ ಉತ್ತರ ಕೊಟ್ಟಿದ್ದೆ" ಎಂದೆ. 'ನೀವು' ಎಂದದ್ದಕ್ಕೆ ಅವನು ಮತ್ತೆ ಎದ್ದು ನಿಂತ.

"ಕೇಳೂದ ನನ್ನ ಕೆಲಸಾ ಇತ್ರಿ ಅಕ್ಕೋರ. ಮಿಸರಿ ಹಚ್ಚತೀರೇನು ಅಂತ ಹೆಸರ ಹಿಡದ ಕೇಳಬೇಕಿತ್ತು. ಅಂಜಿದೆ" ಎಂದ. ಆಮೇಲೆ ನಿಧಾನಕ್ಕೆ ವಿವರಿಸಿದ. ಹುಣ್ಣು ಇದ್ದಂತೆ ಕಾಣುತ್ತದೆ, ಹುಣ್ಣಿಗೆ ಮಿಸರಿ ಒಂದೇ ಕಾರಣ ಎಂದು ಹೇಳಲಾಗುವುದಿಲ್ಲ, ಖಾಲಿ ಹೊಟ್ಟೆಯ ಚಹಾ, ಹೊತ್ತು ತಪ್ಪಿದ ಊಟ ಎಲ್ಲ ಸೇರಿರಬಹುದು. ಆದರೆ ಇರುವ ಹುಣ್ಣನ್ನು ಮಾಯಲು ಬಿಡದೆ ದಿನಾ ಕೆರೆಯುವುದು ಈ ರಸ.

ಆಗ ಹೇಳಿದೆ. ಅವ್ವನಿಗೂ ಹೀಗೇ ನೋವು ಇತ್ತು, ಐವತ್ತೆರಡಕ್ಕೆ ಹೋದಳು ಎಂದು. ಜೊತೆಗೆ ಬಂದು ಹಿಂದೆ ಕುಳಿತಿದ್ದ ಮಂಗಲ ಎದ್ದು ನನ್ನ ಕುರ್ಚಿ ಹಿಡಿದು ನಿಂತಳು. ಉತ್ತಮ ಪೆನ್ನು ಕೆಳಗಿಟ್ಟ. "ಇದನ್ನ ಮೊದಲ ದಿನಾನ ಹೇಳಬೇಕಿತ್ರಿ. ಕಡಿಮಿ ಆಗೇತಿ ಅಂತ ಬಿಡೂದ ಬ್ಯಾಡ. ಮಿರಜಕ್ಕ ಹೋಗಿ ಒಳಗ ನಳಿಗಿ ಇಳಿಸಿ ನೋಡಿಸೋಣ. ನೋಡಿದ್ರ ನಿಮ್ಮ ಅಂಜಿಕಿನೂ ಹೋಗ್ತೈತಿ."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಂಗಲ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದಳು. ಸೀರೆ ಯಾಕೆ ಕೊಟ್ಟಿರಿ, ಖಾರದ ಅಳತೆ ಯಾಕೆ ಹೇಳಿದಿರಿ ಎಂದು ಈಗ ತಿಳಿಯಿತು ಎಂದಳು. ಸೀರೆ ತಿರುಗಿ ಕೊಡುತ್ತಾಳಂತೆ. "ಹುಚ್ಚಿ" ಎಂದೆ.

23 ಜನವರಿ

ಮಿರಜ. ಮೂವರೂ ಹೋಗಿದ್ದೆವು. ಗಂಟಲಿಗೆ ಏನೋ ಸಿಂಪಡಿಸಿ ಮರಗಟ್ಟಿಸಿದರು, ಎಡಮಗ್ಗುಲಿಗೆ ಮಲಗಿಸಿದರು. ತುದಿಯಲ್ಲಿ ದೀಪ ಇರುವ ಕಪ್ಪು ನಳಿಗೆ. ನುಂಗಿ ಎಂದರು. ಹತ್ತು ನಿಮಿಷ. ಕಣ್ಣಿಂದ ನೀರು, ಮೂಗಿಂದ ನೀರು. ಅವ್ವ ಕಣ್ಣ ಮುಂದೆ ಬಂದಳು. ನಡುಮನೆಯಲ್ಲಿ ಕಂಬಕ್ಕೆ ಒರಗಿ, ಹೊಟ್ಟೆಗೆ ದಿಂಬು ಒತ್ತಿಕೊಂಡು ಕುಳಿತ ಅವ್ವ. ನನಗೂ ಅದೇ ಎಂದು ಹೇಳಿದರೆ ಇವರಿಗೆ ಹೇಗೆ ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದೆ.

ವಯಸ್ಸಾದ ಮರಾಠಿ ಡಾಕ್ಟರು. ನಳಿಗೆ ತೆಗೆದು, ಕೈಗವಸು ಬಿಚ್ಚುತ್ತ, "ಘಾಬರೂ ನಕಾ ಬಾಯಿ. ಸಾಧಾ ಅಲ್ಸರ್ ಆಹೆ, ಬರಾ ಹೋತೋ" ಎಂದರು. ಹೆದರಬೇಡಿ, ಸಾದಾ ಹುಣ್ಣು, ವಾಸಿಯಾಗುತ್ತದೆ. ಸಣ್ಣ ಕರುಳಿನ ಬಾಯಲ್ಲಿ, ಬೆರಳುಗುರಿನಷ್ಟು, ಆಗಲೇ ಅರ್ಧ ಮಾಯ್ದಿದೆಯಂತೆ. ಕೆಟ್ಟದ್ದು ಏನೂ ಇಲ್ಲ. ನಾನು ಹಾಳೆಯ ಮೇಲೆ ಮರಾಠಿಯಲ್ಲಿ ಒಮ್ಮೆ ಬರೆದು ಕೇಳಿದೆ, ಕನ್ನಡದಲ್ಲಿ ಒಮ್ಮೆ ಬರೆದು ಕೇಳಿದೆ, ಖಾತ್ರಿ ಏನ್ರಿ ಎಂದು ಮತ್ತೊಮ್ಮೆ ಬರೆದೆ. ಮೂರೂ ಸಲ ನಕ್ಕು ಅದನ್ನೇ ಹೇಳಿದರು. ಎಂಥ ತಾಳ್ಮೆ! ಹತ್ತಕ್ಕೆ ಹತ್ತು.

ಹೊರಗೆ ಬೆಂಚಿನ ಮೇಲೆ ಇವರು ಟೊಪಿಗೆ ಕೈಯಲ್ಲಿ ಹಿಡಿದು ಕುಳಿತಿದ್ದರು. ಗಂಟಲು ಮರಗಟ್ಟಿದ್ದರಿಂದ ನನಗೆ ಮಾತೇ ಹೊರಡಲಿಲ್ಲ, ಕೈ ಅಲ್ಲಾಡಿಸಿದೆ. ಅವರು ಅಪಾರ್ಥ ಮಾಡಿಕೊಂಡು ಅಳಲಿಕ್ಕೇ ಶುರು ಮಾಡಿದರು. ಮಂಗಲ ಡಾಕ್ಟರರ ಚೀಟಿ ಓದಿ, "ಮಾವಾರ, ಏನೂ ಇಲ್ರಿ! ಹುಣ್ಣು ಐತಿ, ಬರೇ ಹುಣ್ಣು!" ಎಂದು ಇಡೀ ದವಾಖಾನೆಗೆ ಕೇಳುವಂತೆ ಕೂಗಿದಳು. ಹುಣ್ಣು ಇದೆಯೆಂದು ಇಷ್ಟು ಸಂತೋಷಪಟ್ಟ ಮನೆಮಂದಿಯನ್ನು ದವಾಖಾನೆಯವರು ಕಂಡಿರಲಿಕ್ಕಿಲ್ಲ.

ಗಂಟಲು ಸಡಿಲಾದ ಮೇಲೆ ಸ್ಟ್ಯಾಂಡಿನ ಹತ್ತಿರ ಮೊಸರನ್ನ ಉಂಡೆವು. ಇವರು ಎರಡು ಪೊಟ್ಟಣ ಪೇಡೆ ಕಟ್ಟಿಸಿದರು, ಒಂದು ಉತ್ತಮನಿಗೆ, ಒಂದು ರುಕ್ಮವ್ವನಿಗೆ. "ರುಕ್ಮವ್ವಗ ಯಾಕ್ರಿ?" ಎಂದರೆ, "ಚೊಂಬು ಹಚ್ಚಿ ನಿನ್ನ ನಗಿಸ್ಯಾಳ" ಎಂದರು.

24 ಜನವರಿ

ಸಂತೋಷದಲ್ಲೂ ಒಂದು ಮಾತು ಮನಸ್ಸಿನಲ್ಲಿ ಕೂತಿದೆ. ಅವ್ವನದೂ ಬರೀ ಹುಣ್ಣೇ ಇತ್ತೋ ಏನೋ. ಉತ್ತಮನನ್ನು ಕೇಳಿದೆ. "ನೋಡಲಾರದ ಹೇಳಾಕ ಬರೂದಿಲ್ರಿ ಅಕ್ಕೋರ" ಎಂದ. ಪ್ರಾಮಾಣಿಕ ಉತ್ತರ. ಅವ್ವನನ್ನು ನಾವು ಯಾರೂ ಏನೂ ಕೇಳಲಿಲ್ಲ. ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ ಎಂದು ಸಹ ಕೇಳಲಿಲ್ಲ. ನೋವು ಹೆಚ್ಚಾದಾಗ ಅವಳೇ ಮಿಸರಿ ಹಚ್ಚಿಕೊಂಡು ಸುಮ್ಮನಾಗುತ್ತಿದ್ದಳು. ಡಬ್ಬಿ ತಂದುಕೊಡುತ್ತಿದ್ದವಳು ನಾನು.

ಅತ್ತುಬಿಟ್ಟೆ. ಮಂಗಲ ಬಂದು ಪಕ್ಕದಲ್ಲಿ ಕುಳಿತಳು. ಬೆನ್ನು ಸವರಿದಳು.

12 ಫೆಬ್ರವರಿ

ಇವತ್ತು ಏಳನೆಯ ಇಯತ್ತೆಗೆ ಪಚನಕ್ರಿಯೆಯ ಪಾಠ. ಚಿತ್ರ ತೆಗೆದೆ, ಪಿತ್ತಕೋಶ ಬಲಗಡೆ. ಒಮ್ಮೆಲೆ ಏನನ್ನಿಸಿತೋ, ಎಲ್ಲ ಇಯತ್ತೆಯ ಹೆಣ್ಣುಮಕ್ಕಳನ್ನು ಅಂಗಳದಲ್ಲಿ ಕೂರಿಸಿ, "ಮಿಸರಿ ಹಚ್ಚುವವರು ಕೈ ಎತ್ತಿ" ಎಂದೆ. ಒಂದೆರಡು ಎದ್ದಾವು ಎಂದುಕೊಂಡಿದ್ದೆ. ನಲವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಕೈ! ಎರಡನೆಯ ಇಯತ್ತೆಯ ಕೂಸುಗಳೂ ಎತ್ತಿದವು. ಯಾರಿಗೂ ಅಂಜಿಕೆ ಇಲ್ಲ. ಮುಂದಿನ ಸಾಲಿನ ಹುಡುಗಿ ಜಂಬದಿಂದ, "ನಮ್ಮ ಅವ್ವ ಅಂತಾಳ್ರಿ, ಅಕ್ಕೋರೂ ಹಚ್ಚತಾರ, ಅದಕ್ಕ ಅಷ್ಟ ಶಾಣ್ಯಾ ಆಗ್ಯಾರ ಅಂತ" ಎಂದಿತು.

ಅವರ ನಡುವೆ ನೆಲದ ಮೇಲೇ ಕುಳಿತೆ. ಎಲ್ಲ ಹೇಳಿದೆ. ನನ್ನ ಹುಣ್ಣು, ಉತ್ತಮನಿಗೆ ಗದರಿಸಿದ್ದು, ಮಿರಜದ ನಳಿಗೆ, ಹೊಟ್ಟೆಗೆ ಅಂಟಿದ ಚೊಂಬು. ಚೊಂಬಿನ ಕಥೆಗೆ ಬಿದ್ದು ಬಿದ್ದು ನಕ್ಕವು. "ನಾ ಬಿಟ್ಟು ಮೂವತ್ತೇಳ ದಿನ ಆತು. ನನ್ನ ಕೂಡ ಯಾರ್ಯಾರ ಬಿಡ್ತೀರಿ?" ಎಂದೆ. ಈ ಸಲ ಕೈಗಳನ್ನು ಎಣಿಸಲಿಲ್ಲ, ಕಣ್ಣು ಮಂಜಾಗಿತ್ತು.

1 ಜೂನ್ 1992

ಶಾಲೆ ಶುರು. ಸರಕಾರದ ಲೆಕ್ಕದಲ್ಲಿ ಇವತ್ತು ನನ್ನ ಹುಟ್ಟಿದ ದಿನ. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಹಾಕುವ ತಾರೀಖು ಇದೇ, ನನಗೂ ಇದನ್ನೇ ಹಾಕಿದ್ದರು. ಐವತ್ತಮೂರಕ್ಕೆ ಬಿದ್ದೆ. ಅವ್ವ ಈ ವಯಸ್ಸನ್ನು ಕಾಣಲಿಲ್ಲ.

ಸುಂದ್ರವ್ವ ತನ್ನ ಮಗಳನ್ನು ಮೊದಲನೆಯ ಇಯತ್ತೆಗೆ ಸೇರಿಸಲು ಬಂದಿದ್ದಳು. "ಹುಟ್ಟಿದ ತಾರೀಖ ಗೊತ್ತಿಲ್ರಿ ಅಕ್ಕೋರ, ನೀವ ಹಾಕ್ರಿ" ಎಂದಳು. ನಾನು ಪೆನ್ನು ಕೆಳಗಿಟ್ಟೆ. "ಮಳಿಗಾಲಾನೋ ಬ್ಯಾಸಿಗಿನೋ? ಮುಂಜಾನೆನೋ ಸಂಜಿನೋ? ಆ ಹೊತ್ತಿಗೆ ಹೊಲದಾಗ ಏನಿತ್ತು? ನೆನಪ ಮಾಡ, ನನಗೇನ ಗಡಿಬಿಡಿ ಇಲ್ಲ" ಎಂದೆ. ಅರ್ಧ ತಾಸು ಕೂರಿಸಿ ಕೇಳಿ ಕೇಳಿ, ತಂಬಾಕಿನ ಸಸಿ ಹಚ್ಚಿ ನಾಲ್ಕು ದಿನ, ಪಂಚಮಿ ಮುಗಿದ ಮಂಗಳವಾರ ಎಂಬಲ್ಲಿಗೆ ಬಂದೆವು. ಹಳೆಯ ಪಂಚಾಂಗ ತರಿಸಿ ಆ ಹುಡುಗಿಯ ಖರೆ ತಾರೀಖು ಬರೆದೆ. ಸುಂದ್ರವ್ವ ಬಾಯಿ ತೆರೆದು ನೋಡುತ್ತಿದ್ದಳು.

ಮನೆಗೆ ಬರುವಾಗ ಹೊಕ್ಕುಳಿನ ಮೇಲೆ, ಅದೇ ಜಾಗದಲ್ಲಿ, ಏನೋ ಹಿಂಡಿದ ಹಾಗಾಯಿತು. ದಾರಿಯಲ್ಲೇ ನಿಂತೆ. ಆಮೇಲೆ ನೆನಪಾಯಿತು, ಆ ಪಂಚಾಂಗದ ಗಲಾಟೆಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿರಲೇ ಇಲ್ಲ. ಮನೆ ಮುಟ್ಟಿ, "ಮಂಗಲ, ಹೊಟ್ಟಿ…" ಎಂದೆ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಮುಖ ಬೆಳ್ಳಗಾಗಿತ್ತು.

"ಹಸದೈತವಾ" ಎಂದೆ. "ಬರೇ ಹಸದೈತಿ."